ಕಾಯಿಸುವ ಚೀಲದ ಕಥೆ

2025ರ ಜುಲೈ 10ರಂದು ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ ಒಂದು ಹಳೇ ಕಪ್ಪು ಚರ್ಮದ ಕೈಚೀಲ 86 ಲಕ್ಷ ಯೂರೋಗೆ ಹೋಯಿತು. ಆವತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 86 ಕೋಟಿ ರೂಪಾಯಿ. ಚೀಲವೇನೂ ಹೊಸದಲ್ಲ, ಬಳಸಿ ಬಳಸಿ ಸವೆದಿದ್ದು. ಮೈಮೇಲೆ ಗೀರು, ಕಲೆ, ಯಾವತ್ತೋ ಅಂಟಿಸಿ ಕಿತ್ತ ಸ್ಟಿಕ್ಕರಿನ ಗುರುತು. ಹಿಡಿಕೆಗೆ ಒಂದು ಉಗುರು ಕತ್ತರಿಸುವ ಕಟರ್ ಬೇರೆ ನೇತಾಡುತ್ತಿತ್ತು! ಅದಕ್ಕೂ ಮುಂಚೆ ಹರಾಜಿನಲ್ಲಿ ಕೈಚೀಲವೊಂದಕ್ಕೆ ಸಿಕ್ಕ ಅತಿ ಹೆಚ್ಚು ಬೆಲೆ ಸುಮಾರು ಐದು ಲಕ್ಷ ಡಾಲರ್. ಇದು ಅದರ ಹದಿನೈದು ಪಟ್ಟಿಗಿಂತ ಹೆಚ್ಚು.

ಆ ಚೀಲ ಜೇನ್ ಬರ್ಕಿನ್ ಎಂಬ ನಟಿ-ಗಾಯಕಿಯದು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹೆಸರು ಮಾಡಿದ್ದು ಫ್ರಾನ್ಸಿನಲ್ಲಿ, ತೀರಿಕೊಂಡಿದ್ದು 2023ರ ಜುಲೈನಲ್ಲಿ. ಅವಳ ಹೆಸರಿನಲ್ಲೇ ಕರೆಯುವ ಚೀಲಗಳ ಮೊಟ್ಟಮೊದಲ ಮಾದರಿ ಅದು. ಏಡ್ಸ್ ರೋಗಿಗಳ ನೆರವಿಗೆ ದುಡ್ಡು ಕೂಡಿಸಲಿಕ್ಕೆ ಅಂತ 1994ರಲ್ಲಿ ಅದನ್ನು ಅವಳೇ ಕೊಟ್ಟುಬಿಟ್ಟಿದ್ದಳು. ಸುದ್ದಿ ಓದಿದ ಮೇಲೆ ನನಗೆ ಚೀಲಕ್ಕಿಂತ ಅದರ ಕಂಪನಿಯ ಚರಿತ್ರೆ ತಲೆಗೆ ಹತ್ತಿತು. ಕೆಲವು ವಾರಗಳಿಂದ ಓದುತ್ತಿದ್ದೇನೆ. ಕೈಚೀಲ ಹಿಡಿಯುವವನಲ್ಲ ನಾನು, ಲ್ಯಾಪ್‌ಟಾಪ್ ಬ್ಯಾಗೇ ನನ್ನ ಜನ್ಮಕ್ಕೆ ಸಾಕು :-) ಆದರೆ ದಿನಾ ಕ್ಯೂ, ಕೋಟಾ, ಆಕ್ಸೆಸ್ ಕಂಟ್ರೋಲ್ ಅಂತ ಕೋಡ್ ಬರೆಯುವವನಿಗೆ ಈ ಕಥೆ ಬಹಳ ಪರಿಚಿತ ಅನ್ನಿಸಿತು.

ಕಂಪನಿಯ ಹೆಸರು ಎರ್ಮೆಸ್. (ಹರ್ಮಿಸ್ ಅಂತ ಓದಿದರೆ ಫ್ರೆಂಚರು ನಗುತ್ತಾರಂತೆ.) 1837ರಲ್ಲಿ ತಿಯರಿ ಎರ್ಮೆಸ್ ಎಂಬಾತ ಪ್ಯಾರಿಸ್ಸಿನಲ್ಲಿ ಶುರು ಮಾಡಿದ್ದು ಕುದುರೆ ಸಾಮಾನಿನ ಅಂಗಡಿ. ಕುದುರೆ ಗಾಡಿಗಳಿಗೆ ಲಗಾಮು, ಪಟ್ಟಿ ಹೊಲಿದು ಕೊಡುವುದು ಕೆಲಸ. ಆತನ ಮಗ 1880ರಲ್ಲಿ ಅಂಗಡಿಯನ್ನು ಫೋಬೂರ್ ಸೇಂಟ್-ಒನೊರೆ ಬೀದಿಯ 24ನೇ ನಂಬರಿಗೆ ತಂದ. ಇವತ್ತಿಗೂ ಅಲ್ಲೇ ಇದೆ. 1900ರ ಸುಮಾರಿಗೆ ಸವಾರರು ಜೀನು ಹೊತ್ತೊಯ್ಯಲು ಒಂದು ಎತ್ತರದ ದೊಡ್ಡ ಚೀಲ ಮಾಡಿದರು. ಬರ್ಕಿನ್ ಚೀಲದ ಮುತ್ತಜ್ಜ ಅದೇ. ಆಮೇಲೆ ಮೋಟಾರು ಕಾರು ಬಂತು, ಕುದುರೆ ಹೋಯಿತು. ಗಾಡಿಯನ್ನೇ ನಂಬಿಕೊಂಡಿದ್ದ ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ತಿಯರಿಯ ಮೊಮ್ಮಗ ಎಮಿಲ್-ಮೊರಿಸ್ ಮಾತ್ರ ಅಮೆರಿಕದ ಕಡೆ ಹೋದಾಗ ಕಾರಿನ ಮೇಲ್ಹೊದಿಕೆಗೆ ಹಾಕಿದ್ದ ಜಿಪ್ಪನ್ನು ನೋಡಿ, ಅದರ ಹಕ್ಕನ್ನು ಫ್ರಾನ್ಸಿಗೆ ತಂದು, ಚೀಲಗಳ ಕಡೆ ತಿರುಗಿದ. ಇಲ್ಲಿ ಗಮನಿಸಬೇಕಾದ್ದೇನಂದ್ರೆ, ಬದಲಾಗಿದ್ದು ಮಾಡುವ ವಸ್ತು. ಹೊಲಿಗೆ ಬದಲಾಗಲಿಲ್ಲ.

ಆ ಹೊಲಿಗೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಜೀನು ಹೊಲಿಯುವವರದು ಎರಡು ಸೂಜಿ, ಒಂದೇ ದಾರ. ಜೇನುಮೇಣ ಉಜ್ಜಿದ ಲಿನನ್ ದಾರದ ಎರಡು ತುದಿಗೂ ಸೂಜಿ ಹಾಕಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾಟಿಸಿ ಎಳೆಯುತ್ತಾರೆ. ಒಂದು ಕಡೆ ಕಿತ್ತರೂ ಇನ್ನೊಂದು ಕಡೆಯ ದಾರ ಹಿಡಿದುಕೊಂಡಿರುತ್ತದೆ. ಓಡುವ ಕುದುರೆಯ ಮೇಲೆ ಪಟ್ಟಿ ಕಿತ್ತುಬಂದರೆ ಸವಾರನ ಕಥೆ ಮುಗೀತಲ್ಲ, ಅದಕ್ಕೇ ಹುಟ್ಟಿದ ಹೊಲಿಗೆ ಇದು. ಸಾಮಾನ್ಯ ಹೊಲಿಗೆ ಯಂತ್ರ ಹಾಕುವುದು ಬೇರೆ ಥರದ ಗಂಟು. ಎರ್ಮೆಸ್‌ನಲ್ಲಿ ಒಂದು ಬರ್ಕಿನ್ ಚೀಲವನ್ನು ಮೊದಲಿಂದ ಕೊನೆವರೆಗೆ ಒಬ್ಬರೇ ಜೋಡಿಸಿ ಹೊಲಿಯುತ್ತಾರೆ. ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತದೆ. ಹೊಲಿದವರ ಗುರುತು ಚೀಲದೊಳಗೆ ಒತ್ತಿರುತ್ತದೆ. ನಮ್ಮ ಗಿಟ್ ಬ್ಲೇಮ್ ಇದ್ದ ಹಾಗೆ!

ಕೊರತೆಯ ಕಥೆಗೆ ಬರೋಣ. ಈ ಕಂಪನಿಯ ಕಿತ್ತಳೆ ಬಣ್ಣದ ಡಬ್ಬಿ ಲೋಕಪ್ರಸಿದ್ಧ. ಚೀಲವಿಲ್ಲದ ಖಾಲಿ ಡಬ್ಬಿಯನ್ನೇ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಆ ಬಣ್ಣ ಬಂದಿದ್ದು ಹೇಗೆ ಗೊತ್ತೇ? ಎರಡನೇ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ ರಟ್ಟಿಗೆ ಬರ. ಮೊದಲು ಬಳಸುತ್ತಿದ್ದ ಕೆನೆ ಬಣ್ಣದ ರಟ್ಟು ಸಿಗದೆ, ಸರಬರಾಜುದಾರನ ಹತ್ತಿರ ಉಳಿದಿದ್ದ ಕಿತ್ತಳೆ ರಟ್ಟನ್ನೇ ತಂದುಕೊಂಡರು. ಅಂದರೆ ಆ ಡಬ್ಬಿ ನಿಜವಾದ ಕೊರತೆಯ ಕೂಸು. ಯಾರೂ ಕೂತು ಯೋಜಿಸಿದ್ದಲ್ಲ. ಮುಂದೆ ಕಂಪನಿ ಕೊರತೆಯನ್ನು ಆಡಿದ ಆಟಕ್ಕೆ ಹೋಲಿಸಿದರೆ ಇದು ತಮಾಷೆಯಾಗಿದೆ.

1956ರಲ್ಲಿ ಮೊನಾಕೊ ರಾಜನನ್ನು ಮದುವೆಯಾಗಿದ್ದ ಹಾಲಿವುಡ್ ತಾರೆ ಗ್ರೇಸ್ ಕೆಲ್ಲಿ ತನ್ನ ಬಸಿರನ್ನು ಕ್ಯಾಮೆರಾಗಳಿಂದ ಮರೆಮಾಡಲು ಎರ್ಮೆಸ್ಸಿನ ಚೀಲವೊಂದನ್ನು ಹೊಟ್ಟೆಗೆ ಅಡ್ಡ ಹಿಡಿದಳು. ಫೋಟೋ ಎಲ್ಲ ಕಡೆ ಹರಿದಾಡಿತು. ಜನ 'ಆ ಕೆಲ್ಲಿ ಚೀಲ ಕೊಡಿ' ಅಂತ ಕೇಳತೊಡಗಿದರು. ಕಂಪನಿ ಮಾತ್ರ ಅಧಿಕೃತವಾಗಿ ಆ ಹೆಸರಿಟ್ಟಿದ್ದು 1977ರಲ್ಲಿ. ಇಪ್ಪತ್ತು ವರ್ಷ ಬೇಕಾಯಿತು! ಈಗಿನ ಮಾರ್ಕೆಟಿಂಗ್‌ನವರಾದರೆ ಮರುದಿನವೇ ಹ್ಯಾಷ್‌ಟ್ಯಾಗ್ ಮಾಡುತ್ತಿದ್ದರು.

ಮುಂದಿನ ವರ್ಷ, 1978ರಲ್ಲಿ, ಮನೆತನದ ಜಾನ್-ಲೂಯಿ ದ್ಯೂಮಾ ಕಂಪನಿಯ ಚುಕ್ಕಾಣಿ ಹಿಡಿದ. ಕೆಲವು ವರ್ಷದ ನಂತರ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ಅವನ ಪಕ್ಕದ ಸೀಟಿನಲ್ಲಿ ಜೇನ್ ಬರ್ಕಿನ್ ಕೂತಿದ್ದಳು. ಅವಳು ಎಲ್ಲಿಗೆ ಹೋದರೂ ಬೆತ್ತದ ಬುಟ್ಟಿ ಹಿಡಿದು ಹೋಗುವವಳು. ಸಾಮಾನೆಲ್ಲ ಚೆಲ್ಲಾಪಿಲ್ಲಿ ಬಿತ್ತು. ಎಳೆಮಗುವಿನ ತಾಯಿಗೆ ಬೇಕಾದ್ದೆಲ್ಲ ಹಿಡಿಯುವ ಒಳ್ಳೇ ಚರ್ಮದ ಚೀಲ ಒಂದೂ ಇಲ್ಲ ಅಂತ ಗೊಣಗಿದಳು. ವಿಮಾನದಲ್ಲಿ ವಾಂತಿ ಮಾಡಿಕೊಳ್ಳಲು ಕೊಡುತ್ತಾರಲ್ಲ, ಆ ಕಾಗದದ ಚೀಲದ ಮೇಲೇ ಇಬ್ಬರೂ ಸೇರಿ ಚಿತ್ರ ಗೀಚಿದರು. 1984ರಲ್ಲಿ ಚೀಲ ಬಂತು. ಉಪಯೋಗಕ್ಕೆ ಅಂತಲೇ ಹುಟ್ಟಿದ ಚೀಲ. ಬರ್ಕಿನ್ ಕೂಡ ಅದನ್ನು ಗೋಣಿಚೀಲದ ಹಾಗೇ ಬಳಸಿದಳು. ಅದರ ಮೇಲೆ ಸ್ಟಿಕ್ಕರ್ ಅಂಟಿಸಿದಳು, ಮಣಿ ಕಟ್ಟಿದಳು, ಬಾಯಿ ಮುಚ್ಚದಷ್ಟು ತುಂಬಿದಳು. ಇವತ್ತು ಅದೇ ಚೀಲವನ್ನು ಪ್ಲಾಸ್ಟಿಕ್ ಹೊದಿಸಿ ಬೀರುವಿನಲ್ಲಿ ಇಡುವವರನ್ನು ನೋಡಿದರೆ ಅವಳಿಗೆ ಏನನ್ನಿಸುತ್ತಿತ್ತೋ.

ಬಂದ ಕೂಡಲೇ ಚೀಲ ಜನರಿಗೆ ಹುಚ್ಚೇನೂ ಹಿಡಿಸಲಿಲ್ಲ. ಹುಚ್ಚು ಏರಿದ್ದು 90ರ ದಶಕದಲ್ಲಿ. ಅಂಗಡಿಯಲ್ಲಿ ಕೇಳಿದರೆ 'ಇಲ್ಲ, ಕಾಯುವವರ ಪಟ್ಟಿಯಿದೆ' ಅನ್ನೋ ಉತ್ತರ. ಎಷ್ಟು ವರ್ಷ ಕಾಯಬೇಕು ಅನ್ನೋದೇ ಊರ ಮಾತಾಯಿತು. 2001ರಲ್ಲಿ 'ಸೆಕ್ಸ್ ಅಂಡ್ ದ ಸಿಟಿ' ಧಾರಾವಾಹಿಯ ಒಂದು ಕಂತಿನಲ್ಲಿ ಸಮಂತಾ ಎಂಬ ಪಾತ್ರ ಪಟ್ಟಿ ಹಾರಲು ನಟಿ ಲೂಸಿ ಲಿಯು ಹೆಸರು ಹೇಳಿ ಚೀಲ ತರಿಸಲು ನೋಡುತ್ತಾಳೆ. ಅಲ್ಲಿಂದ ಮುಂದೆ ಅಮೆರಿಕದ ಮಧ್ಯಮ ವರ್ಗಕ್ಕೂ ಈ ಹೆಸರು ಗೊತ್ತಾಯಿತು.

ಆಗ ಮೈಕೆಲ್ ಟೊನೆಲೊ ಎಂಬ ಅಮೆರಿಕನ್ನನ ಪ್ರವೇಶವಾಗುತ್ತದೆ. ಬಾರ್ಸಿಲೋನಾದಲ್ಲಿ ಕೂತು ಇ-ಬೇಯಲ್ಲಿ ವ್ಯಾಪಾರ ಮಾಡುತ್ತಿದ್ದ ಈತ ಯುರೋಪಿನ ಊರೂರು ಸುತ್ತಿ ಬರ್ಕಿನ್ ಕೊಂಡು ಮಾರಿದ. 2008ರಲ್ಲಿ ಪುಸ್ತಕವನ್ನೂ ಬರೆದ. ಅವನು ಕಂಡುಕೊಂಡ ಗುಟ್ಟು ಇಷ್ಟೇ. ಸೀದಾ ಹೋಗಿ ಬರ್ಕಿನ್ ಕೇಳಿದರೆ ಇಲ್ಲ ಅನ್ನುತ್ತಾರೆ. ಮೊದಲು ಸ್ಕಾರ್ಫು, ಬೆಲ್ಟು, ಬಳೆ ಅಂತ ಒಂದು ರಾಶಿ ಕೌಂಟರಿನ ಮೇಲೆ ಗುಡ್ಡೆ ಹಾಕಿ, ಕೊನೆಗೆ ಏನೋ ನೆನಪಾದವನ ಹಾಗೆ 'ಅಂದ ಹಾಗೆ ಬರ್ಕಿನ್ ಇದೆಯಾ?' ಅಂದರೆ ಒಳಗಿಂದ ಚೀಲ ಬರುತ್ತದೆ! ಪಟ್ಟಿ ಅನ್ನೋದೇ ನೆಪ ಅಂದ ಅವನು. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುವು ಇದು. ಪಟ್ಟಿಯೆಂದರೆ ಮೊದಲು ಬಂದವರಿಗೆ ಮೊದಲು, ಅದರಲ್ಲಿ ಒಂದು ನ್ಯಾಯವಿದೆ. ಈ ವ್ಯವಸ್ಥೆಯಲ್ಲಿ ಸಾಲಿಗೆ ನಂಬರೇ ಇಲ್ಲ. ಯಾರಿಗೆ ಕೊಡಬೇಕು ಅಂತ ಕೊಡುವವರು ನಿರ್ಧರಿಸುತ್ತಾರೆ, ಮತ್ತು ಅದರ ನಿಯಮ ಎಲ್ಲೂ ಬರೆದಿಲ್ಲ. ಪ್ಯಾರಿಸ್ಸಿನಲ್ಲಿ ಚರ್ಮದ ವಸ್ತುಗಳ ಭೇಟಿಗೇ ಆನ್‌ಲೈನಿನಲ್ಲಿ ಹೆಸರು ಕೊಟ್ಟು ಅದೃಷ್ಟ ಕಾಯುವ ಪದ್ಧತಿ ಬಂತು. ಒಳಗೆ ಹೋಗಲಿಕ್ಕೇ ಲಾಟರಿ!

2024ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಗಿರಾಕಿಗಳು ಇದೇ ವಿಷಯಕ್ಕೆ ಕೋರ್ಟಿಗೆ ಹೋದರು. ಬೇರೆ ಸಾಮಾನು ಕೊಂಡರಷ್ಟೇ ಬರ್ಕಿನ್ ತೋರಿಸುತ್ತಾರೆ, ಇದು ಒಂದಕ್ಕೆ ಇನ್ನೊಂದನ್ನು ಕಟ್ಟಿ ಮಾರುವ ಅಕ್ರಮ ಅಂತ ಅವರ ವಾದ. ನಮ್ಮಲ್ಲಿ ಹಿಂದೆ ಗ್ಯಾಸ್ ಕನೆಕ್ಷನ್ ಬೇಕಾದರೆ ಒಲೆಯನ್ನೂ ನಮ್ಮ ಹತ್ತಿರವೇ ಕೊಳ್ಳಿ ಅನ್ನುವ ಏಜೆನ್ಸಿಗಳಿದ್ದವಲ್ಲ, ಹಾಗೆ. 2025ರಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡಿದರು. ಗ್ಯಾಸ್ ಇಲ್ಲದೆ ಅಡಿಗೆ ಆಗಲ್ಲ, ಬರ್ಕಿನ್ ಇಲ್ಲದೆ ಎಲ್ಲ ಆಗುತ್ತದೆ ಅನ್ನೋದು ನನ್ನ ಕಾನೂನು ಜ್ಞಾನ :-)

ಹಾಗಾದರೆ ಕೊರತೆ ನಿಜವೋ ನಾಟಕವೋ? ಓದುತ್ತ ಹೋದಂತೆ ಎರಡೂ ಅನ್ನಿಸಿತು. ಕೈಯಲ್ಲಿ ಹೊಲಿಯುವವರನ್ನು ತಯಾರು ಮಾಡಲು ಒಂದೂವರೆ ವರ್ಷದಷ್ಟು ತರಬೇತಿ ಬೇಕು. ಕಂಪನಿ ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸ ಚರ್ಮದ ಕಾರ್ಖಾನೆ ತೆರೆಯುತ್ತಿದೆ, ಒಂದೊಂದರಲ್ಲೂ 250-300 ಜನ. ಇದು ಸುಳ್ಳಲ್ಲ. ರಾತ್ರೋರಾತ್ರಿ ಹತ್ತು ಪಟ್ಟು ಮಾಡುತ್ತೇನೆ ಅಂದರೆ ಆಗುವ ಕೆಲಸವಲ್ಲ. ಹತ್ತು ಹೊಸ ಹುಡುಗರನ್ನು ಸೇರಿಸಿದರೆ ಪ್ರಾಜೆಕ್ಟು ಬೇಗ ಮುಗಿಯುವುದಿಲ್ಲ ಅಂತ ನಮ್ಮ ಮ್ಯಾನೇಜರುಗಳಿಗೆ ಅರ್ಥವಾಗದ ಸತ್ಯ ಅವರಿಗೆ ಗೊತ್ತು.

ನಾಟಕ ಇರುವುದು ಬೆಲೆಯಲ್ಲಿ. ಯೋಚಿಸಿ: ಬೇಕೆನ್ನುವವರು ಹೆಚ್ಚು, ಸರಕು ಕಡಿಮೆ. ಅರ್ಥಶಾಸ್ತ್ರದ ಮೊದಲ ಪಾಠದ ಪ್ರಕಾರ ಬೆಲೆ ಏರಿಸಿದರೆ ಸಾಲು ಕರಗಬೇಕು. ಬರ್ಕಿನ್ ಅಮೆರಿಕದ ಅಂಗಡಿಯಲ್ಲಿ ಹತ್ತು ಸಾವಿರ ಡಾಲರಿಗಿಂತ ಹೆಚ್ಚಿಗೆ ಶುರುವಾಗುತ್ತದೆ. ಅದನ್ನೇ ಹೊರಗೆ ಮರುಮಾರಾಟಗಾರರು ಎಷ್ಟೋ ಬಾರಿ ಇನ್ನೂ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅಂದರೆ ಕಂಪನಿ ಬೇಕೆಂದೇ ಅಷ್ಟು ದುಡ್ಡನ್ನು ಬೀದಿಯಲ್ಲಿ ಬಿಟ್ಟಿದೆ. ಯಾಕೆ? ಸಾಲು ಕರಗಬಾರದು ಅಂತ! ಸಾಲು ಇದ್ದರೆ ಸ್ಕಾರ್ಫು, ತಟ್ಟೆ, ಚಪ್ಪಲಿ, ಕಂಬಳಿ ಎಲ್ಲ ಮಾರಾಟವಾಗುತ್ತವೆ. ಸಾಲೇ ಜಾಹೀರಾತು. ಮರುಮಾರಾಟಗಾರ ಹೊಡೆಯುವ ಲಾಭ ಆ ಜಾಹೀರಾತಿನ ಖರ್ಚು ಅಂದುಕೊಳ್ಳಿ. 2024ರಲ್ಲಿ ಎರ್ಮೆಸ್ಸಿನ ವಹಿವಾಟು 1520 ಕೋಟಿ ಯೂರೋ. ಅದರಲ್ಲಿ ಕಾರ್ಯಾಚರಣೆಯ ಲಾಭವೇ ನೂರಕ್ಕೆ ನಲವತ್ತು.

ನಮ್ಮ ಅಪ್ಪಂದಿರ ಕಾಲದಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಅದೂ ಸಾಲೇ. ಆದರೆ ಅಲ್ಲಿ ಸರಕಾರದ ಲೈಸೆನ್ಸು ಇಷ್ಟೇ ತಯಾರಿಸು ಅಂತ ಕಟ್ಟಿಹಾಕಿತ್ತು, ಕಾಯುವವನಿಗೆ ಬೇಕಾಗಿದ್ದು ಆಫೀಸಿಗೆ ಹೋಗುವ ಗಾಡಿ. ಲೈಸೆನ್ಸ್ ರಾಜ್ಯ ಹೋದ ಮೇಲೆ ಸಾಲೂ ಹೋಯಿತು. ಹಳೇ ಬ್ಲಾಗಿಗರಿಗೆ ಜಿಮೇಲ್ ಆಹ್ವಾನವೂ ನೆನಪಿರಬಹುದು. 2004ರಲ್ಲಿ ಶುರುವಾದಾಗ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ, ಜನ ಇ-ಬೇಯಲ್ಲಿ ಆಹ್ವಾನವನ್ನೇ ದುಡ್ಡು ಕೊಟ್ಟು ಕೊಂಡರು. ಆಮೇಲೆ ಸರ್ವರುಗಳು ಹೆಚ್ಚಾದವು, 2007ರಲ್ಲಿ ಬಾಗಿಲು ತೆರೆದರು, ಈಗ ಜಿಮೇಲ್ ಇದೆ ಅಂತ ಯಾರೂ ಜಂಬ ಪಡುವುದಿಲ್ಲ. ಎರ್ಮೆಸ್ ಬಾಗಿಲನ್ನು ಎಂದೂ ಪೂರ್ತಿ ತೆರೆಯದಿರುವುದನ್ನೇ ಕಸುಬು ಮಾಡಿಕೊಂಡಿತು.

ಎಲ್ಲರಿಗೂ ಸಿಗುವುದನ್ನು ಕೆಲವರು ಬೇಡ ಅನ್ನುತ್ತಾರೆ ಅನ್ನೋದನ್ನು 1950ರಲ್ಲೇ ಹಾರ್ವೆ ಲೈಬೆನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ ತೋರಿಸಿದ್ದ. ಅದಕ್ಕೆ 'ಸ್ನಾಬ್ ಪರಿಣಾಮ' ಅಂತ ಹೆಸರು. ಲೇಖನಕ್ಕಿಂತ ಚೆನ್ನಾಗಿ ಕಲಿಸಿದ್ದು ಗುಚ್ಚಿಯ ಪಾಡು. 70, 80ರ ದಶಕದಲ್ಲಿ ಗುಚ್ಚಿ ತನ್ನ ಗುರುತನ್ನು ಕೀಚೈನಿನಿಂದ ಹಿಡಿದು ಲೈಟರಿನವರೆಗೆ ಎಲ್ಲದರ ಮೇಲೂ ಹಾಕಿ ಸಿಕ್ಕಸಿಕ್ಕ ಅಂಗಡಿಯಲ್ಲಿ ಮಾರಿತು. ಪಿಯರ್ ಕಾರ್ಡೆನ್ ಹೆಸರಂತೂ ನೂರಾರು ಲೈಸೆನ್ಸುಗಳಲ್ಲಿ ಹಂಚಿಹೋಯಿತು. ಹೆಸರು ಸಸ್ತಾ ಆಯಿತು. ಆಮೇಲೆ ಮೌರಿಸಿಯೊ ಗುಚ್ಚಿ ಅಂಗಡಿ, ಸರಕು ಎರಡನ್ನೂ ಕತ್ತರಿಸಲು ಹೋದಾಗ ಕಂಪನಿಯೇ ಏದುಸಿರು ಬಿಟ್ಟಿತು. ಎರ್ಮೆಸ್ ಹೀಗಾಗದೆ ಉಳಿಯಲು ಇನ್ನೊಂದು ಕಾರಣ ಮನೆತನದ ಹಿಡಿತ. 1993ರಲ್ಲಿ ಷೇರು ಪೇಟೆಗೆ ಬಂದರೂ ಬಹುಪಾಲು ಷೇರು ಮನೆಯವರ ಹತ್ತಿರವೇ ಉಳಿಯಿತು. 2010ರಲ್ಲಿ ಲೂಯಿ ವಿಟಾನ್ ಒಡೆಯ ಬರ್ನಾರ್ ಅರ್ನೋ ಸದ್ದಿಲ್ಲದೆ ನೂರಕ್ಕೆ 17ರಷ್ಟು ಷೇರು ಕೂಡಿಹಾಕಿದ್ದು ಬಯಲಾದಾಗ, ದಾಯಾದಿಗಳೆಲ್ಲ ಒಟ್ಟಾಗಿ ತಮ್ಮ ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. 2014ರಲ್ಲಿ ರಾಜಿಯಾಯಿತು. ಮೂರು ತಿಂಗಳಿಗೊಮ್ಮೆ ಮಾರಾಟ ಏರಿಸಲೇಬೇಕಾದ ಒಡೆಯರಿದ್ದರೆ ಸಾಲು ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ.

ಇನ್ನು ಈ ಆಟದ ಕೊಳಕು ಮಗ್ಗುಲು. 2018ರಲ್ಲಿ ಬರ್ಬೆರಿ ಕಂಪನಿಯ ವಾರ್ಷಿಕ ವರದಿಯಲ್ಲಿ ಒಂದು ಸಾಲಿತ್ತು: ಆ ವರ್ಷ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶಮಾಡಿದೆ. ಅಗ್ಗಕ್ಕೆ ಮಾರಿದರೆ ಹೆಸರು ಕೆಡುತ್ತದಲ್ಲ, ಅದಕ್ಕೆ! ಗಲಾಟೆಯಾಗಿ ಅದೇ ಸೆಪ್ಟೆಂಬರಿನಲ್ಲಿ ನಿಲ್ಲಿಸಿದರು. ಫ್ರಾನ್ಸ್ 2020ರಲ್ಲಿ ಇಂಥದ್ದಕ್ಕೆ ಕಾನೂನು ತಂದಿತು. 2024ರಲ್ಲಿ ಮಿಲಾನ್ ಕೋರ್ಟಿನ ತನಿಖೆಯಲ್ಲಿ ಹೊರಬಿದ್ದದ್ದು ಇನ್ನೂ ಕೆಟ್ಟದ್ದು. ಡಿಯೋರ್ ಅಂಗಡಿಯಲ್ಲಿ 2600 ಯೂರೋಗೆ ಮಾರುತ್ತಿದ್ದ ಚೀಲವನ್ನು ಜೋಡಿಸಿಕೊಡಲು ಉಪಗುತ್ತಿಗೆದಾರನಿಗೆ ಕೊಡುತ್ತಿದ್ದದ್ದು 53 ಯೂರೋ (ಚರ್ಮದ ಖರ್ಚು ಬೇರೆ). ಕೆಲಸಗಾರರು ಕಾರ್ಖಾನೆಯಲ್ಲೇ ಮಲಗುತ್ತಿದ್ದರು. ಇಲ್ಲಿ ಚೀಲ ಅಪರೂಪವೂ ಅಲ್ಲ, ಕುಶಲಕರ್ಮಿಯ ಕಥೆಯೂ ಇಲ್ಲ. ಬೆಲೆ ಮಾತ್ರ ಅದೇ ಧಾಟಿ. ಇದನ್ನು ಓದಿದ ಮೇಲೆ ನನಗೆ ಎರ್ಮೆಸ್ ಬಗ್ಗೆ ಸ್ವಲ್ಪ ಗೌರವ ಹೆಚ್ಚೇ ಆಯಿತು ಅನ್ನಿ. ಮಾರುವ ಗತ್ತು ಹೇಗೇ ಇರಲಿ, ಹೊಲಿಗೆಯಂತೂ ನಿಜ.

ನಮ್ಮ ಕ್ಷೇತ್ರದ್ದೂ ಒಂದಿದೆ. 2021ರಲ್ಲಿ ಒಬ್ಬ ಕಲಾವಿದ ರೋಮ ಹೊದಿಸಿದ ಬರ್ಕಿನ್ ಚಿತ್ರಗಳ ನೂರು ಎನ್‌ಎಫ್‌ಟಿ ಮಾಡಿ ಮಾರಿದ. ಬರೀ ಬಿಟ್ಟುಗಳು! ಕಾಪಿ ಮಾಡಲು ಚಿಕ್ಕಾಸೂ ಬೇಡದ ವಸ್ತುವಿಗೆ 'ನೂರೇ' ಅನ್ನೋ ಬೇಲಿ. ಎರ್ಮೆಸ್ ಕೇಸು ಹಾಕಿ 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದಿತು, 1,33,000 ಡಾಲರ್ ಪರಿಹಾರ. ಚೀಲವಿಲ್ಲದ ಚೀಲದ ಕೊರತೆಯ ಮೇಲೂ ಹಕ್ಕು ಸಾಧಿಸಿತು ಅನ್ನಬಹುದು.

ಕೊನೆಗೆ ನಮ್ಮ ಕಡೆಗೇ ಬರುವ ಒಂದು ಕೊಂಡಿ. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಥೇಟ್ ಕೊಲ್ಹಾಪುರಿ ಚಪ್ಪಲಿಯನ್ನು ಹೆಸರು ಹೇಳದೆ ತೋರಿಸಿ ಬೈಸಿಕೊಂಡಿದ್ದು ಓದಿರುತ್ತೀರಿ. ಎಲ್ಲರೂ ಮಹಾರಾಷ್ಟ್ರದ್ದು ಅಂದರು. ಆದರೆ 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಎಂಟು ಜಿಲ್ಲೆಗಳದ್ದು, ಅದರಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಚರ್ಮದ ಕೆಲಸಕ್ಕೆ ಬೆಲೆ ಕಟ್ಟುವ ಮಾತು ಬಂದಾಗ ಬಸವಣ್ಣನಿಗೆ ತನ್ನ ತೊಡೆಯ ಚರ್ಮದಲ್ಲೇ ಚಮ್ಮಾವುಗೆ ಮಾಡಿಕೊಟ್ಟ ಸಮಗಾರ ಹರಳಯ್ಯ ನೆನಪಾಗದಿರುತ್ತಾನೆಯೇ? ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲಿಟ್ಟುಕೊಂಡ ಅಂತ ಕಥೆ.

2025ರ ಡಿಸೆಂಬರಿನಲ್ಲಿ ಪ್ರಾಡಾ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಕಡೆಯಿಂದ ಲಿಡ್ಕರ್. ಯೋಜನೆಯ ಪ್ರಕಾರ ಇಲ್ಲಿ ತಯಾರಿಸುವ ಚಪ್ಪಲಿ ಒಟ್ಟು 2000 ಜೋಡಿ, ಬೆಲೆ ಸುಮಾರು 800 ಯೂರೋ, ಜಗತ್ತಿನ 40 ಪ್ರಾಡಾ ಅಂಗಡಿಗಳಲ್ಲಿ ಮಾರಾಟ. 2000 ಅನ್ನೋ ಆ ಮಿತಿಯನ್ನು ನೋಡಿ. ಊರಿನ ಸಂತೆಯಲ್ಲಿ ಅದೇ ಕೈಗಳು ಹೊಲಿದ ಚಪ್ಪಲಿಗೆ ಸಾವಿರ ರೂಪಾಯಿ ಹೇಳಿದರೆ ನಾವು ಆರುನೂರಕ್ಕೆ ಕೊಡಿ ಅಂತ ಚೌಕಾಶಿ ಮಾಡುತ್ತೇವೆ. ಇಲ್ಲಿ ಹೊಲಿಯುವ ಕೈ ವರ್ಷದಿಂದ ವರ್ಷಕ್ಕೆ ನಿಜವಾಗಿಯೂ ಕಡಿಮೆಯಾಗುತ್ತಿದೆ, ಮಕ್ಕಳು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಈ ಕೊರತೆಗೆ ಮಾತ್ರ ಯಾರೂ ಸಾಲಿನಲ್ಲಿ ನಿಲ್ಲುತ್ತಿಲ್ಲ.

ಅಥಣಿ, ನಿಪ್ಪಾಣಿ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಹದ ಮಾಡಿದ ಚರ್ಮದಿಂದ ಒಂದು ಜೋಡಿ ಮಾಡಲು ಎಷ್ಟು ದಿನ ಹಿಡಿಯುತ್ತದೆ, ಮನೆಯಲ್ಲಿ ಯಾರ್ಯಾರು ಯಾವ್ಯಾವ ಕೆಲಸ ಮಾಡುತ್ತಾರೆ, ಕೊನೆಗೆ ಕೈಗೆ ಎಷ್ಟು ಬರುತ್ತದೆ ಅಂತ ಹೋಗಿ ಕೇಳಿ ಬರೆಯಿರಿ. ಬರ್ಕಿನ್ ಹೊಲಿಯುವವರ ಎರಡು ಸೂಜಿಯ ಬಗ್ಗೆ ಇಷ್ಟು ಓದಿದೆ, ನಮ್ಮವರ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಓದಬೇಕಿದೆ.